ವಿಶ್ವದ ಲೆಕ್ಕಕ್ಕೆ ಜೊತೆಗಾರರು ಬೇಕು: ವಿಶ್ವವಿಜ್ಞಾನದ ಥಿಯರಿ ಸಂಶೋಧನೆಗೆ ಕಾಲಿಡುವವರಿಗೆ ಮಾರ್ಗದರ್ಶಿ

ವಿಶ್ವದ ವಯಸ್ಸೆಷ್ಟು? ಅದು ಎಷ್ಟು ವೇಗವಾಗಿ ಹಿಗ್ಗುತ್ತಿದೆ? ಆ ಹಿಗ್ಗುವಿಕೆಗೆ ವೇಗ ಕೊಡುತ್ತಿರುವ ಡಾರ್ಕ್ ಎನರ್ಜಿ ಕಾಲ ಕಳೆದಂತೆ ಬದಲಾಗುತ್ತಿದೆಯಾ? ಇಂಥ ಪ್ರಶ್ನೆಗಳ ಮೇಲೆ ಕೆಲಸ ಮಾಡಲು ಸ್ವಂತ ದೂರದರ್ಶಕ ಬೇಕಿಲ್ಲ. ವಿಶ್ವದ ಮೊದಲ ಬೆಳಕನ್ನು ಅಳೆದ ಪ್ಲಾಂಕ್ ಉಪಗ್ರಹ ಕಳಿಸಿದ ಮಾಹಿತಿಯನ್ನು ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಲೆಕ್ಕ ಮಾಡುವ ಕೋಡುಗಳೂ ಉಚಿತ. ಶುರು ಮಾಡಲು ಒಂದು ಸಾಧಾರಣ ಲ್ಯಾಪ್‌ಟಾಪ್ ಸಾಕು. ಆದರೂ ಧಾರವಾಡದಲ್ಲೋ, ಕಲಬುರಗಿಯಲ್ಲೋ, ಶಿವಮೊಗ್ಗದಲ್ಲೋ ಎಂಎಸ್ಸಿ ಓದುವ ಎಷ್ಟೋ ಮಕ್ಕಳು ಇದು ನಮಗಲ್ಲ ಎಂದು ದೂರ ಉಳಿದುಬಿಡುತ್ತಾರೆ. ಜೊತೆಗೆ ಕೂತು ಲೆಕ್ಕ ನೋಡುವವರು ಅವರಿಗೆ ಸಿಕ್ಕಿರುವುದಿಲ್ಲ, ಅಷ್ಟೇ. ಈ ಬರಹ ಅವರಿಗಾಗಿ. ಹಾಗೆಯೇ ಪಾಠದ ನಡುವೆ ಸಂಶೋಧನೆ ಬಿಡಬಾರದು ಎಂದುಕೊಂಡಿರುವ ಕಾಲೇಜು ಮೇಷ್ಟ್ರುಗಳಿಗಾಗಿ.

ಒಬ್ಬರೇ ಕೂತು ದೊಡ್ಡ ಕೆಲಸ ಮಾಡಿದವರು ಇಲ್ಲವೇ ಇಲ್ಲ ಅಂತಲ್ಲ. ಬೆಂಗಳೂರಿನಲ್ಲಿ ಹುಟ್ಟಿದ ಸಿ.ವಿ. ವಿಶ್ವೇಶ್ವರ 1970ರಲ್ಲಿ ನೇಚರ್ ಪತ್ರಿಕೆಗೆ ಒಬ್ಬರೇ ಒಂದು ಲೇಖನ ಬರೆದರು. ಕಪ್ಪುಕುಳಿಗೆ ಗುರುತ್ವದ ಅಲೆ ತಾಗಿದರೆ ಅದು ತನ್ನದೇ ಸ್ವರದಲ್ಲಿ ಅನುರಣಿಸಿ ನಿಧಾನವಾಗಿ ಶಾಂತವಾಗುತ್ತದೆ ಎಂದು ಲೆಕ್ಕ ಹಾಕಿ ತೋರಿಸಿದರು. 2015ರಲ್ಲಿ ಅಮೆರಿಕದ ಲೈಗೋ ವೀಕ್ಷಣಾಲಯ ಹಿಡಿದ ಮೊದಲ ಅಲೆಯ ಕೊನೆಯ ಭಾಗಕ್ಕೆ ಇದೇ ವಿವರಣೆ. ಆದರೆ ಆ ಅಲೆಯ ಸುದ್ದಿ ಹೊತ್ತ 2016ರ ಲೇಖನಕ್ಕೆ ಸಾವಿರಕ್ಕೂ ಜಾಸ್ತಿ ಲೇಖಕರು. ಥಿಯರಿ ಕೆಲಸದ, ಅಂದರೆ ಪ್ರಯೋಗವಿಲ್ಲದೆ ಲೆಕ್ಕದಿಂದಲೇ ಸಂಶೋಧನೆ ಮಾಡುವವರ, ಗುಂಪು ಅಷ್ಟು ದೊಡ್ಡದಿರುವುದಿಲ್ಲ. ಸಾಮಾನ್ಯವಾಗಿ ಇಬ್ಬರಿಂದ ಐದಾರು ಜನ. ಇಲ್ಲಿ ಹೇಳುತ್ತಿರುವುದು ಆ ಸಣ್ಣ ಗುಂಪಿನ ಬಗ್ಗೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಯೋಗ ಮಾಡುವವರಿಗೆ ತಪ್ಪಿದಾಗ ಉಪಕರಣವೇ ಹೇಳುತ್ತದೆ. ಥಿಯರಿಯಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ. ತಪ್ಪು ಸಮೀಕರಣವೂ ಚೆಂದದ ಗ್ರಾಫ್ ಕೊಡುತ್ತದೆ. ಹಾಗಾಗಿ ಇಲ್ಲಿ ಜೊತೆಗಾರರ ಮೊದಲ ಕೆಲಸ ಹೊರೆ ಹಂಚಿಕೊಳ್ಳುವುದಲ್ಲ. ನೀವು ಮಾಡಿದ ಲೆಕ್ಕವನ್ನು ನಿಮ್ಮ ಹಾಳೆ ನೋಡದೆ ಮೊದಲಿನಿಂದ ಮಾಡಿ ತಾಳೆ ನೋಡುವುದು. ಮುಂದಿನ ಹೆಜ್ಜೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

1. ಸಣ್ಣ ಪ್ರಶ್ನೆ ಹಿಡಿಯಿರಿ

ಉದಾಹರಣೆಗೆ ಹಬಲ್ ಸ್ಥಿರಾಂಕದ, ಅಂದರೆ ವಿಶ್ವ ಈಗ ಹಿಗ್ಗುತ್ತಿರುವ ವೇಗದ, ಜಗಳ ತೆಗೆದುಕೊಳ್ಳೋಣ. ಪ್ಲಾಂಕ್ ತಂಡ 2018ರಲ್ಲಿ ಕೊಟ್ಟ ಬೆಲೆ ಪ್ರತಿ ಮೆಗಾಪಾರ್ಸೆಕ್‌ಗೆ ಸೆಕೆಂಡಿಗೆ 67.4 ಕಿಲೋಮೀಟರ್, ಆಚೀಚೆ 0.5. (ಒಂದು ಮೆಗಾಪಾರ್ಸೆಕ್ ಅಂದರೆ ಸುಮಾರು 32.6 ಲಕ್ಷ ಬೆಳಕಿನ ವರ್ಷದ ದೂರ.) ಹೊಳಪು ಏರಿಳಿಯುವ ಸೆಫೀಡ್ ನಕ್ಷತ್ರಗಳನ್ನೂ ನಕ್ಷತ್ರ ಸಿಡಿದಾಗ ಕಾಣುವ ಸೂಪರ್‌ನೋವಾಗಳನ್ನೂ ಬಳಸಿ ದೂರ ಅಳೆದ ತಂಡ 2022ರಲ್ಲಿ ಪ್ರಕಟಿಸಿದ್ದು 73.04, ಆಚೀಚೆ 1.04. ಎರಡರ ನಡುವಿನ ಅಂತರ ದೋಷದ ಅಂದಾಜಿಗಿಂತ ಸುಮಾರು ಐದು ಪಟ್ಟು. ಸುಮ್ನೆ ಆಕಸ್ಮಿಕ ಎಂದು ತಳ್ಳಿಹಾಕುವಂತಿಲ್ಲ.

ಹೊಸಬರು ಇಲ್ಲಿ ಸಾಮಾನ್ಯವಾಗಿ ಈ ಜಗಳವನ್ನೇ ಬಗೆಹರಿಸುತ್ತೇನೆ ಎಂದು ಹೊರಡುತ್ತಾರೆ. ಅದು ಜೊತೆ ಕೆಲಸಕ್ಕೆ ಒಗ್ಗುವ ಪ್ರಶ್ನೆ ಅಲ್ಲ. ಎಲ್ಲಿ ಮುಗಿಯುತ್ತದೆ ಎಂದು ಯಾರಿಗೂ ಗೊತ್ತಾಗುವುದಿಲ್ಲ. ಅದರ ಬದಲು ಹೀಗೆ ಕೇಳಿ: ಡಾರ್ಕ್ ಎನರ್ಜಿಯನ್ನು ಇತ್ತೀಚಿನ ಕಾಲದಲ್ಲಿ ಮಾತ್ರ ಸ್ವಲ್ಪ ಬದಲಿಸಿದರೆ ಹಬಲ್ ಸ್ಥಿರಾಂಕ ಎಷ್ಟು ಮೇಲೇರುತ್ತದೆ? ಇದಕ್ಕೆ ಉತ್ತರ ಸಿಗುತ್ತದೆ. ಹೆಚ್ಚೇನೂ ಏರುವುದಿಲ್ಲ ಎಂಬುದೇ ಆ ಉತ್ತರ. ಯಾಕೆ ಎಂದು ತಿಳಿಯುವುದು ತುಂಬ ಸೊಗಸು. ಸೂಪರ್‌ನೋವಾಗಳೂ ಗೆಲಾಕ್ಸಿಗಳ ಹಂಚಿಕೆಯೂ ಸೇರಿ ವಿಶ್ವ ಹಿಗ್ಗಿದ ಗೆರೆಯ ಆಕಾರವನ್ನು ಬಿಗಿಯಾಗಿ ಕಟ್ಟಿಹಾಕಿವೆ. ಆ ಗೆರೆಯನ್ನು ಇಡಿಯಾಗಿ ಮೇಲೆ ಕೆಳಗೆ ಸರಿಸುವುದು ಒಂದು ಅಳತೆಗೋಲು. ವಿಶ್ವ ಎಳೆಯದಾಗಿದ್ದಾಗ ಬಿಸಿ ಅನಿಲದಲ್ಲಿ ಶಬ್ದದ ಅಲೆ ಸಾಗಿದ್ದ ದೂರ ಅದು. ಇಂದಿನ ಲೆಕ್ಕದಲ್ಲಿ ಸುಮಾರು 147 ಮೆಗಾಪಾರ್ಸೆಕ್, ಅಂದರೆ ಹತ್ತಿರ ಹತ್ತಿರ 48 ಕೋಟಿ ಬೆಳಕಿನ ವರ್ಷ. ಈ ಗೋಲನ್ನು ಮುಟ್ಟದೆ ಕೊನೆಯ ಕಾಲವನ್ನಷ್ಟೇ ತಿದ್ದಿದರೆ ಜಗಳ ಬಗೆಹರಿಯುವುದಿಲ್ಲ. ಇದನ್ನು ನೀವೇ ಒಮ್ಮೆ ಲೆಕ್ಕ ಹಾಕಿ ಕಂಡುಕೊಂಡರೆ, ಈ ವಿಷಯದ ಮೇಲೆ ದಿನವೂ ಬರುವ ಲೇಖನಗಳಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ತಿಳಿಯಲು ಶುರುವಾಗುತ್ತದೆ.

ಪ್ರಶ್ನೆ ಸರಿಯಿದೆಯಾ ಎಂದು ನೋಡಲು ನನ್ನ ಅಳತೆ ಇಷ್ಟೇ. ಒಂದೇ ವಾಕ್ಯದಲ್ಲಿ ಬರೆಯಲು ಆಗಬೇಕು. ಉತ್ತರ ಹೌದೇ ಆಗಲಿ ಇಲ್ಲವೇ ಆಗಲಿ, ಬೇರೆಯವರಿಗೆ ಉಪಯೋಗ ಆಗಬೇಕು.

2. ಜೊತೆಗಾರರನ್ನು ಹುಡುಕುವ ಮೊದಲು ಕೈ ಪಳಗಿಸಿ

ಪೈಥಾನ್‌ನಲ್ಲಿ ವಿಶ್ವದ ವಯಸ್ಸು ಲೆಕ್ಕ ಹಾಕುವ ಕೋಡ್ ಬರೆಯಿರಿ. ಫ್ರೀಡ್‌ಮನ್ ಸಮೀಕರಣ (ವಿಶ್ವ ಹಿಗ್ಗುವ ವೇಗವನ್ನು ಕೊಡುವಂಥದು), ಒಂದು ಇಂಟಿಗ್ರಲ್, ಅಷ್ಟೇ. ಹಬಲ್ ಸ್ಥಿರಾಂಕ 67.4, ವಸ್ತುವಿನ ಪಾಲು 0.315, ಉಳಿದದ್ದು ಡಾರ್ಕ್ ಎನರ್ಜಿ ಎಂದು ಕೊಟ್ಟರೆ 1380 ಕೋಟಿ ವರ್ಷ ಬರಬೇಕು. ಆಮೇಲೆ ಡಾರ್ಕ್ ಎನರ್ಜಿಯನ್ನು ಪೂರ್ತಿ ತೆಗೆದು ಎಲ್ಲವನ್ನೂ ವಸ್ತುವೇ ಮಾಡಿ. ಆಗ ಸುಮಾರು 970 ಕೋಟಿ ವರ್ಷ ಬರಬೇಕು. ಇದನ್ನು ಕಾಗದದ ಮೇಲೂ ತೆಗೆಯಬಹುದು: ಹಬಲ್ ಸ್ಥಿರಾಂಕದ ವಿಲೋಮದ ಮೂರನೇ ಎರಡು ಪಾಲು. ಯಾವ ಕೋಡ್ ಬರೆದರೂ ಕಾಗದದ ಮೇಲೆ ಉತ್ತರ ಸಿಗುವ ಇಂಥ ಒಂದು ಸುಲಭ ಸಂದರ್ಭ ಹುಡುಕಿ ತಾಳೆ ನೋಡಿ. ಕೋಡನ್ನು ಎಐ ಬರೆದುಕೊಟ್ಟಿದ್ದರಂತೂ ಇದನ್ನು ಬಿಡಲೇಬೇಡಿ.

ಮುಂದಿನ ಮೆಟ್ಟಿಲು ಪ್ಯಾಂಥಿಯನ್ ಪ್ಲಸ್ ಎಂಬ ಸೂಪರ್‌ನೋವಾ ಸಂಗ್ರಹ. 1550 ಸೂಪರ್‌ನೋವಾಗಳ ದೂರ ಮತ್ತು ರೆಡ್‌ಶಿಫ್ಟ್ (ಬೆಳಕು ಕೆಂಪಿನ ಕಡೆ ಸರಿದ ಪ್ರಮಾಣ) ಅದರಲ್ಲಿವೆ. ನಿಮ್ಮ ಕೋಡಿನಿಂದ ಆ ದೂರಗಳಿಗೆ ಗೆರೆ ಕೂರಿಸಿ ನೋಡಿ. ಅದಾದ ಮೇಲೆ ಕ್ಲಾಸ್ ಅಥವಾ ಕ್ಯಾಂಬ್ ಎಂಬ ಕೋಡುಗಳನ್ನು ಹಾಕಿಕೊಳ್ಳಿ. ವಿಶ್ವದ ಮೊದಲ ಬೆಳಕಿನ ಏರಿಳಿತಗಳನ್ನು ಲೆಕ್ಕ ಹಾಕುವವು ಇವು. ಎರಡನ್ನೂ ಪೈಥಾನ್ ಮೂಲಕವೇ ನಡೆಸಬಹುದು.

ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್ ಕಲಿಯಿರಿ. ಸಮೀಕರಣಗಳಿರುವ ಲೇಖನ ಜೋಡಿಸುವ ಲೇಟೆಕ್ ಕಲಿಯಿರಿ. ಇವೆರಡನ್ನು ಪಿಎಚ್‌ಡಿ ಸೇರಿದ ಮೇಲೆ ನೋಡೋಣ ಎಂದು ಮುಂದೂಡಬೇಡಿ.

3. ದಿನವೂ ಆರ್ಕೈವ್ ನೋಡಿ, ಒಂದು ಚಿತ್ರವನ್ನು ನೀವೇ ತೆಗೆಯಿರಿ

1991ರಲ್ಲಿ ಪಾಲ್ ಗಿನ್ಸ್‌ಪಾರ್ಗ್ ಶುರು ಮಾಡಿದ ಜಾಲತಾಣ ಆರ್ಕೈವ್‌ನಲ್ಲಿ ಈ ಕ್ಷೇತ್ರದ ಹೆಚ್ಚುಕಡಿಮೆ ಎಲ್ಲ ಲೇಖನಗಳೂ ದುಡ್ಡಿಲ್ಲದೆ ಸಿಗುತ್ತವೆ. ಹೊಸ ಪಟ್ಟಿ ನಮ್ಮಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಬೆಳಗಿನ ಹೊತ್ತು ಬರುತ್ತದೆ. ಅಮೆರಿಕದ ಬೇಸಿಗೆ ಸಮಯದಲ್ಲಿ ಐದೂವರೆಗೆ, ಚಳಿಗಾಲದಲ್ಲಿ ಆರೂವರೆಗೆ. ಕಾಫಿ ಕುಡಿಯುತ್ತಾ ವಿಶ್ವವಿಜ್ಞಾನದ ವಿಭಾಗದ ಶೀರ್ಷಿಕೆಗಳನ್ನು ನೋಡಿ. ಎರಡೋ ಮೂರೋ ಸಾರಾಂಶ ಓದಿ. ಎಲ್ಲವೂ ಅರ್ಥವಾಗಬೇಕಿಲ್ಲ. ಯಾರು ಯಾವ ಪ್ರಶ್ನೆಯ ಹಿಂದೆ ಬಿದ್ದಿದ್ದಾರೆ ಎಂಬುದು ಕೆಲವು ತಿಂಗಳಲ್ಲಿ ತಾನಾಗಿ ಗೊತ್ತಾಗುತ್ತದೆ.

ಇಷ್ಟವಾದ ಒಂದು ಲೇಖನ ಆರಿಸಿಕೊಳ್ಳಿ. ಅದರ ಒಂದು ಚಿತ್ರವನ್ನು ಅವರ ಕೋಡ್ ನೋಡದೆ ನೀವೇ ತೆಗೆಯಲು ಪ್ರಯತ್ನಿಸಿ. ವಾರಗಟ್ಟಲೆ ಹಿಡಿಯಬಹುದು. ಲೇಖನದಲ್ಲಿ ಬರೆಯದೇ ಬಿಟ್ಟ ಸಂಗತಿಗಳು ಆಗ ಒಂದೊಂದಾಗಿ ಕಾಣುತ್ತವೆ: ಯಾವ ರೆಡ್‌ಶಿಫ್ಟ್‌ನಿಂದ ಶುರು ಮಾಡಿದರು, ರೇಡಿಯೇಶನ್ ಸೇರಿಸಿದರಾ, ನ್ಯೂಟ್ರಿನೊಗೆ ತೂಕ ಕೊಟ್ಟರಾ? ಹತ್ತು ಲೇಖನ ಮೇಲಿಂದ ಮೇಲೆ ಓದುವುದಕ್ಕಿಂತ ಇದರಿಂದ ಕಲಿಯುವುದು ಜಾಸ್ತಿ. ಮುಂದಿನ ಹೆಜ್ಜೆಗೆ ಬೇಕಾದ ಬಂಡವಾಳವೂ ಇದೇ.

4. ಜೊತೆಗಾರರು ಎಲ್ಲಿ ಸಿಗುತ್ತಾರೆ?

ಮೊದಲು ಪಕ್ಕದ ಬೆಂಚಿನಲ್ಲಿ. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಒಂದೇ ಆಸಕ್ತಿಯ ಇಬ್ಬರು ಸಹಪಾಠಿಗಳು ಒಂದೇ ಲೆಕ್ಕವನ್ನು ಬೇರೆ ಬೇರೆ ಮಾಡಿ ಶನಿವಾರ ಕೂತು ತಾಳೆ ನೋಡಿದರೆ ಅರ್ಧ ತರಬೇತಿ ಅಲ್ಲೇ ಆಗುತ್ತದೆ.

ಆಮೇಲೆ ಸಂಸ್ಥೆಗಳು. ಕರ್ನಾಟಕದವರು ಈ ವಿಷಯದಲ್ಲಿ ಪುಣ್ಯವಂತರು. ಬೆಂಗಳೂರೊಂದರಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ, ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ, ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ, ಹೆಸರಘಟ್ಟದ ಕಡೆಯ ಅಂತರರಾಷ್ಟ್ರೀಯ ಸೈದ್ಧಾಂತಿಕ ವಿಜ್ಞಾನಗಳ ಕೇಂದ್ರ (ಐಸಿಟಿಎಸ್) ಇವೆ. ಇಲ್ಲೆಲ್ಲ ವಿದ್ಯಾರ್ಥಿಗಳು ಬಂದು ಕೆಲವು ತಿಂಗಳು ಕೆಲಸ ಮಾಡುವ ಯೋಜನೆಗಳಿವೆ. ಐಸಿಟಿಎಸ್‌ನ ಕಾರ್ಯಾಗಾರಗಳ ಪಾಠಗಳು ಯೂಟ್ಯೂಬ್‌ನಲ್ಲಿ ಸಿಗುತ್ತವೆ. ಊರಲ್ಲೇ ಕೂತು ನೋಡಬಹುದು. ಬಿಎಸ್ಸಿ ಹುಡುಗರಿಗೆ ಜವಾಹರಲಾಲ್ ನೆಹರೂ ತಾರಾಲಯದ ರೀಪ್ ಎಂಬ ವಿಜ್ಞಾನ ತರಗತಿಗಳಿವೆ. ಮೇಲೆ ಹೇಳಿದ ವಿಶ್ವೇಶ್ವರ ಅವರೇ ಆ ತಾರಾಲಯದ ಸ್ಥಾಪಕ ನಿರ್ದೇಶಕರು. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಬೇಸಿಗೆ ಫೆಲೋಶಿಪ್‌ಗೆ ವಿದ್ಯಾರ್ಥಿಗಳೂ ಮೇಷ್ಟ್ರುಗಳೂ ಅರ್ಜಿ ಹಾಕಬಹುದು. ಅರ್ಜಿಯ ಸಮಯ ಹಿಂದಿನ ವರ್ಷದ ಕೊನೆಯಲ್ಲೇ ಮುಗಿದುಹೋಗುತ್ತದೆ, ಎಚ್ಚರ. ಕಾಲೇಜಿನಲ್ಲಿ ಕಲಿಸುವವರು ಪುಣೆಯ ಖಗೋಳ ಸಂಸ್ಥೆ ಐಯುಕಾದ ವಿಸಿಟಿಂಗ್ ಅಸೋಸಿಯೇಟ್ ಯೋಜನೆಯನ್ನು ನೋಡಲೇಬೇಕು. ಜಯಂತ ನಾರ್ಳೀಕರ್ 1988ರಲ್ಲಿ ಆ ಸಂಸ್ಥೆಯನ್ನು ಕಟ್ಟಿದ್ದೇ ವಿಶ್ವವಿದ್ಯಾಲಯಗಳ ಜನರಿಗೆ ಖಗೋಳ ಸಂಶೋಧನೆಯ ಬಾಗಿಲು ತೆರೆಯಲು.

ಇನ್ನು ಮೇಲ್ ಬರೆಯುವ ವಿಚಾರ. ಒಂದೇ ಮೇಲನ್ನು ಐವತ್ತು ಜನರಿಗೆ ಹೊಡೆಯಬೇಡಿ. ನನಗೆ ಚಿಕ್ಕಂದಿನಿಂದ ನಕ್ಷತ್ರ ಅಂದರೆ ಇಷ್ಟ ಎಂದು ಶುರು ಮಾಡಬೇಡಿ. ನಿಜವೇ ಇರಬಹುದು, ಆದರೆ ಓದುವವರಿಗೆ ಅದರಿಂದ ನಿಮ್ಮ ಕೆಲಸದ ಬಗ್ಗೆ ಏನೂ ತಿಳಿಯುವುದಿಲ್ಲ. ಹೀಗೆ ಬರೆದು ನೋಡಿ:

"ಕಳೆದ ವರ್ಷದ ನಿಮ್ಮ ಲೇಖನದ ಮೂರನೇ ಚಿತ್ರವನ್ನು ನಾನೇ ಕೋಡ್ ಬರೆದು ತೆಗೆದಿದ್ದೇನೆ. ಕೆಂಪು ಗೆರೆ ಹೊಂದುತ್ತಿದೆ. ನೀಲಿ ಗೆರೆ ರೆಡ್‌ಶಿಫ್ಟ್ 2 ದಾಟಿದ ಮೇಲೆ ಸ್ವಲ್ಪ ಮೇಲೆ ಹೋಗುತ್ತಿದೆ. ನನ್ನ ಚಿತ್ರವನ್ನೂ ಕೋಡನ್ನೂ ಲಗತ್ತಿಸಿದ್ದೇನೆ. ನೀವು ಇಲ್ಲಿ ಬೇರೆ ಏನಾದರೂ ಸೇರಿಸಿದ್ದೀರಾ? ಈ ದಿಕ್ಕಿನಲ್ಲಿ ಬೇಸಿಗೆಯಲ್ಲಿ ನಿಮ್ಮ ಜೊತೆ ಕೆಲಸ ಮಾಡಲು ಅವಕಾಶ ಇದೆಯೇ?"

ಇಷ್ಟೇ. ಇಂಗ್ಲಿಷಿನಲ್ಲಿ ಬರೆಯುವಾಗಲೂ ಇಷ್ಟೇ ಉದ್ದ ಇರಲಿ. ಹೆಸರಿನ ಮುಂದೆ ಡಾಕ್ಟರ್ ಅಥವಾ ಪ್ರೊಫೆಸರ್ ಹಾಕಿ. ಎರಡು ವಾರ ಕಾದು ಒಂದು ಸಲ ನೆನಪಿಸಿ. ಉತ್ತರ ಬರದಿದ್ದರೆ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಇನ್ನೊಬ್ಬರಿಗೆ ಬರೆಯಿರಿ. ದೊಡ್ಡ ಪ್ರೊಫೆಸರರಿಗೇ ಬರೆಯಬೇಕೆಂದಿಲ್ಲ. ಲೇಖನದ ಮೊದಲ ಹೆಸರು ಅನೇಕ ಸಲ ಪಿಎಚ್‌ಡಿ ವಿದ್ಯಾರ್ಥಿಯದೋ ಪೋಸ್ಟ್‌ಡಾಕ್‌ನದೋ ಆಗಿರುತ್ತದೆ. ಕೋಡ್ ಬಗ್ಗೆ ಸರಿಯಾಗಿ ಉತ್ತರ ಕೊಡಬಲ್ಲವರು ಅವರೇ.

5. ಮೊದಲ ಭೇಟಿಯಲ್ಲೇ ಬರೆದಿಟ್ಟುಕೊಳ್ಳಬೇಕಾದ್ದು

ಜೊತೆ ಸಿಕ್ಕಿತು ಅನ್ನೋಣ. ಲೆಕ್ಕ ಶುರು ಮಾಡುವ ಮೊದಲು ಒಂದು ಪುಟದ ಟಿಪ್ಪಣಿ ಮಾಡಿ. ನನ್ನ ಮಟ್ಟಿಗೆ ಇಡೀ ಯೋಜನೆಯಲ್ಲಿ ಇದಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿಲ್ಲ.

ಅದರ ಮೇಲಿನ ಅರ್ಧದಲ್ಲಿ ಸಂಕೇತಗಳು ಇರಲಿ. ದೇಶಕಾಲದ ಅಂತರದ ಸೂತ್ರದಲ್ಲಿ ಕಾಲದ ಮುಂದೆ ಮೈನಸ್ ಹಾಕುತ್ತೀರಾ, ಅಥವಾ ದೂರದ ಮುಂದೆಯಾ? ಫೂರಿಯೆ ಪರಿವರ್ತನೆಯಲ್ಲಿ ಎರಡು ಪೈ ಎಲ್ಲಿ ಬರುತ್ತದೆ? ಲಾಗ್ ಅಂದರೆ ಹತ್ತರದ್ದೋ, ನ್ಯಾಚುರಲ್ ಲಾಗೋ? ದೂರವನ್ನು ಮೆಗಾಪಾರ್ಸೆಕ್‌ನಲ್ಲೇ ಹೇಳುತ್ತೀರಾ, ಹಬಲ್ ಸ್ಥಿರಾಂಕವನ್ನು 100ರಿಂದ ಭಾಗಿಸಿ ಬರುವ ಚಿಕ್ಕ ಎಚ್ ಸೇರಿಸಿ ಹೇಳುತ್ತೀರಾ? ಈ ಒಂದು ಎಚ್ ಎಷ್ಟು ಜನರ ಎಷ್ಟು ದಿನ ತಿಂದಿದೆಯೋ ಲೆಕ್ಕವಿಲ್ಲ. ಅದನ್ನು ಮರೆತರೆ ಉತ್ತರ ಶೇಕಡಾ 30ರಿಂದ 50ರಷ್ಟು ಆಚೀಚೆ ಆಗುತ್ತದೆ. ಗುರುತ್ವದ ಲೆಕ್ಕದಲ್ಲಿ ಬರುವ ಪ್ಲಾಂಕ್ ದ್ರವ್ಯರಾಶಿ ಎಂಬ ಸ್ಥಿರಾಂಕದ ವಿಚಾರದಲ್ಲೂ ಹೀಗೆಯೇ. ಕೆಲವರು 1.22ರ ಮುಂದೆ ಹತ್ತರ ಹತ್ತೊಂಬತ್ತನೇ ಘಾತ ಹಾಕುತ್ತಾರೆ. ಕೆಲವರು 2.44ರ ಮುಂದೆ ಹತ್ತರ ಹದಿನೆಂಟನೇ ಘಾತ ಹಾಕುತ್ತಾರೆ. ಜಿಇವಿ ಎಂಬ ಶಕ್ತಿಯ ಅಳತೆಯಲ್ಲಿ ಎರಡೂ ಸರಿ. ನಡುವೆ ಎಂಟು ಪೈನ ವರ್ಗಮೂಲದಷ್ಟು, ಅಂದರೆ ಐದು ಪಟ್ಟು ವ್ಯತ್ಯಾಸ ಇದೆ. ಇನ್‌ಫ್ಲೇಶನ್ (ವಿಶ್ವ ಹುಟ್ಟಿದ ಕ್ಷಣದ ಅತಿವೇಗದ ಹಿಗ್ಗುವಿಕೆ) ಬಗ್ಗೆ ಲೆಕ್ಕ ಮಾಡುವವರು ಇದನ್ನು ಮೊದಲ ದಿನವೇ ಒಪ್ಪಿಕೊಂಡಿರಬೇಕು.

ಕೆಳಗಿನ ಅರ್ಧದಲ್ಲಿ ಮನುಷ್ಯರ ವಿಚಾರ. ಯಾರು ಏನು ಮಾಡುತ್ತಾರೆ? ಯಾವಾಗ ಮಾತಾಡುತ್ತೀರಿ? ಲೇಖಕರ ಹೆಸರು ಯಾವ ಕ್ರಮದಲ್ಲಿ? ಕಣಭೌತದ ಕಡೆಯವರು ಹೆಸರುಗಳನ್ನು ಅಕ್ಷರದ ಕ್ರಮದಲ್ಲಿ ಹಾಕುತ್ತಾರೆ. ಖಭೌತದಲ್ಲಿ ಹೆಚ್ಚು ಕೆಲಸ ಮಾಡಿದವರ ಹೆಸರು ಮೊದಲು. ವಿಶ್ವವಿಜ್ಞಾನದಲ್ಲಿ ಎರಡೂ ಪದ್ಧತಿ ಇದೆ, ಅದಕ್ಕೇ ಮನಸ್ತಾಪ ಬರುವುದು. ವಿದ್ಯಾರ್ಥಿಗಳು ಇದನ್ನು ಕೇಳಲು ಸಂಕೋಚಪಡುತ್ತಾರೆ. ಕೇಳಿ. "ಸರ್, ಹೆಸರಿನ ಕ್ರಮ ಹೇಗೆ ಅಂತ ಈಗಲೇ ಬರೆದಿಟ್ಕೊಳ್ಳೋಣ್ವಾ?" ಅಂದರೆ ತಪ್ಪಿಲ್ಲ. ಹಿರಿಯರಾಗಿದ್ದರೆ ವಿದ್ಯಾರ್ಥಿ ಕೇಳುವವರೆಗೆ ಕಾಯಬೇಡಿ, ನೀವೇ ಮಾತೆತ್ತಿ.

6. ಒಂದೇ ಲೆಕ್ಕ, ಎರಡು ಕೈ

ಮುಖ್ಯವಾದ ಪ್ರತಿ ಸಮೀಕರಣವನ್ನೂ ಇಬ್ಬರು ಬೇರೆ ಬೇರೆಯಾಗಿ ಬರೆಯಬೇಕು. ಒಬ್ಬರು ಕಾಗದದ ಮೇಲೆ ಮಾಡಿದರೆ ಇನ್ನೊಬ್ಬರು ಕಂಪ್ಯೂಟರಿನಲ್ಲಿ ಮಾಡಬಹುದು. ಕೋಡ್ ಕೂಡ ಹಾಗೆಯೇ. ಒಬ್ಬರು ಕ್ಲಾಸ್ ಬಳಸಿದರೆ ಇನ್ನೊಬ್ಬರು ಕ್ಯಾಂಬ್ ಬಳಸಲಿ. ಸಾಮಾನ್ಯ ಮಾದರಿಗೆ ಒಂದೇ ಅಂಕಿಗಳನ್ನು ಕೊಟ್ಟರೆ ಇವೆರಡರ ಉತ್ತರದ ವ್ಯತ್ಯಾಸ ಶೇಕಡಾ 0.1ಕ್ಕಿಂತ ಕಡಿಮೆ ಇರುತ್ತದೆ. ನಿಮಗೆ ಶೇಕಡಾ 2 ವ್ಯತ್ಯಾಸ ಬಂದರೆ ಯಾರದೋ ಅಂಕಿ ತಪ್ಪಿದೆ. ಪರವಾಗಿಲ್ಲ ಅಂತ ಮುಂದೆ ಹೋಗಬೇಡಿ.

ನಮ್ಮಲ್ಲಿ ಇಲ್ಲೊಂದು ತೊಡಕಿದೆ. ಮೇಷ್ಟ್ರ ಲೆಕ್ಕದಲ್ಲಿ ತಪ್ಪು ಕಂಡರೆ ಹೇಗೆ ಹೇಳುವುದು? ಎಷ್ಟೋ ವಿದ್ಯಾರ್ಥಿಗಳು ತಮ್ಮದೇ ತಪ್ಪಿರಬೇಕು ಎಂದು ಸುಮ್ಮನಾಗುತ್ತಾರೆ. ಹಾಗೆ ಸುಮ್ಮನಾದ ಕ್ಷಣಕ್ಕೇ ಜೊತೆ ಕೆಲಸ ನಿಂತುಹೋಗುತ್ತದೆ. ಹೀಗೆ ಹೇಳಬಹುದು: "ಮೇಡಂ, ನನಗೆ ಇಲ್ಲಿ ಅರ್ಧ ಜಾಸ್ತಿ ಬರ್ತಿದೆ. ಒಂದ್ಸಲ ಜೊತೆಗೇ ನೋಡೋಣ್ವಾ?" ಯಾರ ತಪ್ಪು ಎಂಬ ಮಾತೇ ಬರಲಿಲ್ಲ ನೋಡಿ. ಇಬ್ಬರ ಎದುರಿಗೂ ಒಂದು ವ್ಯತ್ಯಾಸ ಇದೆ, ಅದರ ಕಾರಣ ಹುಡುಕಬೇಕು. ಒಳ್ಳೆಯ ವಿಜ್ಞಾನಿ ಯಾರೇ ಆಗಲಿ, ಇಂಥ ಮಾತು ಕೇಳಿದರೆ ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ.

ಮಾದರಿಯನ್ನು ಮಾಹಿತಿಗೆ ಹೊಂದಿಸುವಾಗ ಮಾಂಟೆ ಕಾರ್ಲೊ ಸರಪಳಿಗಳನ್ನು, ಅಂದರೆ ಅಂಕಿಗಳನ್ನು ಒಂದಾದ ಮೇಲೊಂದು ಬದಲಿಸಿ ಪರೀಕ್ಷಿಸುತ್ತಾ ಹೋಗುವ ಲೆಕ್ಕಗಳನ್ನು, ಓಡಿಸುತ್ತೀರಿ. ಕೋಬಾಯ, ಮಾಂಟೆ ಪೈಥಾನ್ ಎಂಬ ಕೋಡುಗಳು ಇದಕ್ಕೇ ಇವೆ. ಸರಪಳಿ ಪೂರ್ತಿ ನೆಲೆಗೊಳ್ಳುವ ಮೊದಲೇ ನಿಲ್ಲಿಸುವ ಆಸೆ ಆಗುತ್ತದೆ. ಸರಪಳಿ ನೆಲೆಗೊಂಡಿದೆಯಾ ಎಂದು ತೋರಿಸುವ ಗೆಲ್ಮನ್-ರೂಬಿನ್ ಅಳತೆ ಒಂದಕ್ಕಿಂತ ಎಷ್ಟು ಹೆಚ್ಚಿದೆ ನೋಡಿ. ಆ ಹೆಚ್ಚು 0.01ಕ್ಕಿಂತ ಕೆಳಗೆ ಇಳಿಯುವವರೆಗೂ ಕಾಯಿರಿ.

ಇನ್ನೊಂದು ಅಭ್ಯಾಸವನ್ನು ದೊಡ್ಡ ತಂಡಗಳಿಂದ ಕಲಿಯಬೇಕು. ಹಬಲ್ ಸ್ಥಿರಾಂಕ ಎಷ್ಟು ಬರಬೇಕು ಎಂಬ ಆಸೆ ಎಲ್ಲರ ಮನಸ್ಸಿನಲ್ಲೂ ಇರುತ್ತದೆ. ಆಸೆಪಟ್ಟ ಉತ್ತರ ಬಂದ ಕೂಡಲೇ ತಪ್ಪು ಹುಡುಕುವುದನ್ನು ನಿಲ್ಲಿಸಿಬಿಡುತ್ತೇವೆ. ಅದಕ್ಕೆ ಜೊತೆಗಾರರಲ್ಲಿ ಒಬ್ಬರು ಉತ್ತರಕ್ಕೆ ಒಂದು ಗುಟ್ಟಿನ ಅಂಕಿ ಕೂಡಿಸಿ ಇಡಲಿ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಅದನ್ನು ತೆಗೆದು ನೋಡಿ. ಇಬ್ಬರ ಗುಂಪಿನಲ್ಲೂ ಇದನ್ನು ಮಾಡಬಹುದು, ಖರ್ಚೇನೂ ಇಲ್ಲ.

ವಾರಕ್ಕೊಂದು ಕರೆ ಸಾಕು. ಯುರೋಪಿನವರ ಜೊತೆಗಾದರೆ ನಮ್ಮ ಮಧ್ಯಾಹ್ನ ಅನುಕೂಲ, ಅಮೆರಿಕದವರ ಜೊತೆಗಾದರೆ ನಮ್ಮ ಸಂಜೆ. ಮಾತಾಡಿದ್ದನ್ನು ಅದೇ ದಿನ ನಾಲ್ಕು ಸಾಲಿನಲ್ಲಿ ಬರೆದು ಎಲ್ಲರಿಗೂ ಕಳಿಸಿ.

7. ಬರೆಯುವುದು, ಪ್ರಕಟಿಸುವುದು

ಓವರ್‌ಲೀಫ್‌ನಲ್ಲಿ (ಲೇಟೆಕ್ ಬರೆಯುವ ಜಾಲತಾಣ) ಎಲ್ಲರೂ ಒಂದೇ ಕಡತದ ಮೇಲೆ ಬರೆಯಬಹುದು. ಆದರೆ ಮೊದಲ ಕರಡನ್ನು ಒಬ್ಬರೇ ಬರೆಯುವುದು ಒಳ್ಳೆಯದು, ಇಲ್ಲದಿದ್ದರೆ ಲೇಖನಕ್ಕೆ ನಾಲ್ಕು ಧ್ವನಿ ಬರುತ್ತದೆ. ಮೊದಲು ಚಿತ್ರಗಳನ್ನು ಜೋಡಿಸಿ, ಆಮೇಲೆ ಮಾತು. ಬಳಸಿದ ಪ್ರತಿ ಕೋಡಿಗೂ ಅದನ್ನು ಬರೆದವರ ಹೆಸರು ಹೇಳಿ ಋಣ ಸಲ್ಲಿಸಿ.

ಆರ್ಕೈವ್‌ಗೆ ಮೊದಲ ಸಲ ಹಾಕುವವರಿಗೆ ಈಗಾಗಲೇ ಅಲ್ಲಿ ಬರೆದಿರುವ ಒಬ್ಬರ ಅನುಮೋದನೆ ಬೇಕಾಗಬಹುದು. ಜೊತೆಗಾರರಲ್ಲಿ ಹಿರಿಯರಿದ್ದರೆ ಅದು ಕಷ್ಟವಲ್ಲ. ಹಾಕುವ ಮೊದಲು, ನೀವು ಯಾರ ಲೇಖನದ ಮೇಲೆ ಕೆಲಸ ಕಟ್ಟಿದ್ದೀರೋ ಅವರಿಗೆ ಕರಡು ಕಳಿಸಿ ಒಂದು ವಾರ ಸಮಯ ಕೊಡಿ.

ಪತ್ರಿಕೆ ಆರಿಸುವಾಗ ಶುಲ್ಕ ನೋಡಿ. ಆಸ್ಟ್ರೋಫಿಸಿಕಲ್ ಜರ್ನಲ್ 2022ರಿಂದ, ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಮಂತ್ಲಿ ನೋಟಿಸಸ್ 2024ರಿಂದ ಪೂರ್ತಿ ಮುಕ್ತ ಓದಿನ ಪತ್ರಿಕೆಗಳಾಗಿವೆ. ಖರ್ಚು ಲೇಖಕರ ಕಡೆಗೆ ಬಂದಿದೆ. ಸಣ್ಣ ಕಾಲೇಜಿನವರಿಗೆ ಇದು ದೊಡ್ಡ ಮೊತ್ತ. ಫಿಸಿಕಲ್ ರಿವ್ಯೂ ಡಿಯಲ್ಲಿ ಚಂದಾ ಪದ್ಧತಿಯಲ್ಲಿ ಪ್ರಕಟಿಸಿದರೆ ಲೇಖಕರು ದುಡ್ಡು ಕೊಡಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ಜರ್ನಲ್ ಆಫ್ ಆಸ್ಟ್ರೋಫಿಸಿಕ್ಸ್ ಅಂಡ್ ಆಸ್ಟ್ರಾನಮಿಯೂ ಇದೆ. ಇನ್ನೆರಡು ದಿನದಲ್ಲಿ ಪ್ರಕಟಿಸುತ್ತೇವೆ, ದುಡ್ಡು ಕಳಿಸಿ ಎಂದು ತಾವಾಗಿ ಮೇಲ್ ಮಾಡುವ ಪತ್ರಿಕೆಗಳಿಗೆ ಏನನ್ನೂ ಕೊಡಬೇಡಿ.

ವಿಮರ್ಶಕರ ವರದಿ ಬಂದಾಗ ಒಂದು ರಾತ್ರಿ ಬಿಟ್ಟು ಓದಿ. ಪ್ರತಿ ಅಂಶಕ್ಕೂ ಒಂದೊಂದಾಗಿ ಉತ್ತರ ಬರೆಯಿರಿ. ಅವರು ಕೇಳಿದ ಹೊಸ ಲೆಕ್ಕವನ್ನೂ ಮೊದಲಿನಂತೆ ಇಬ್ಬರೂ ಮಾಡಿ.

ಲೇಖನ ಒಪ್ಪಿಗೆಯಾದ ಮೇಲೆ ಕೋಡನ್ನೂ ಸರಪಳಿಗಳನ್ನೂ ಝೆನೋಡೊದಲ್ಲಿ ಇಡಿ. ಸರ್ನ್ ನಡೆಸುವ ಉಗ್ರಾಣ ಅದು, ಉಚಿತ, ಶಾಶ್ವತ ವಿಳಾಸ ಕೊಡುತ್ತದೆ. ಹೇಗೆ ಓಡಿಸಬೇಕು ಎಂದು ಒಂದು ಪುಟ ಬರೆದು ಜೊತೆಗಿಡಿ. ಇನ್ಯಾರೋ ವಿದ್ಯಾರ್ಥಿ ನಿಮ್ಮ ಮೂರನೇ ಚಿತ್ರವನ್ನು ಮತ್ತೆ ತೆಗೆದು, ನೀಲಿ ಗೆರೆ ಹೊಂದುತ್ತಿಲ್ಲ ಎಂದು ಮೇಲ್ ಬರೆದರೆ ಅದೇ ವಾರ ಉತ್ತರ ಕೊಡಿ.